ಔಷಧನಿರೋಧವೆಂಬ ಶಬ್ದದ ವಿಚಾರ

ಕನ್ನಡದ ತಿರುಳು ನೆಲೆಗೊಂಡ ನಾಲ್ಕು ಊರುಗಳಲ್ಲಿ ಕೊಪಣವೂ ಒಂದೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಎಣಿಸಿದೆ. ಆ ಕೊಪಣವೇ ಇಂದಿನ ಕೊಪ್ಪಳವೆಂದು ವಿದ್ವಾಂಸರು ನಿರ್ಣಯಿಸಿರುವರು. ಆದುದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನಕ್ಕೆ ಅರ್ಥವಾಗುವದೋ ಇಲ್ಲವೋ ಎಂಬುದನ್ನು ಕನ್ನಡದ ವೈದ್ಯಗದ್ಯಕ್ಕೆ ಒರೆಗಲ್ಲಾಗಿ ಇಟ್ಟುಕೊಳ್ಳುವದು ಅನುಚಿತವಾಗಲಾರದು. ಪಿತ್ತನಾಳದ ಅರ್ಬುದವನ್ನು, ಎಂದರೆ ಕ್ಯಾನ್ಸರನ್ನು, ಕುರಿತ ಬರೆಹಕ್ಕೆ ಇದು ವಿಶೇಷವಾಗಿ ಸಲ್ಲುವದು. ಇಲ್ಲಿ ಶಬ್ದದೋಷವು ಓದುಗನ ಪ್ರಾಣಕ್ಕೂ ಮುಟ್ಟಬಹುದು.

ಮೊದಲನೆಯ ತೊಡಕು 'ಪಿತ್ತ'ದಲ್ಲಿಯೇ ಇದೆ. ಆಯುರ್ವೇದದ ಪಿತ್ತವು ತ್ರಿದೋಷಗಳಲ್ಲೊಂದು. ಯಕೃತ್ತಿನಿಂದ ಸಣ್ಣ ಕರುಳಿಗೆ ನಾಳದ ಮೂಲಕ ಹರಿಯುವ ಪಿತ್ತರಸವು ಒಂದು ದ್ರವ. ಇವೆರಡನ್ನು ಬೇರ್ಪಡಿಸದೆ ಬರೆದರೆ, ನಾಳ ಮುಚ್ಚಿ ಕಣ್ಣು ಹಳದಿಯಾದಾತನು ಪಿತ್ತ ಕೆರಳಿತೆಂದು ಪಥ್ಯದಲ್ಲಿಯೇ ಕಾಲ ಕಳೆದಾನು. 'ಉದ್ದೇಶಿತ ಚಿಕಿತ್ಸೆ' ಎಂಬುದಂತೂ ಅನರ್ಥವೇ ಸರಿ. ಮಿಕ್ಕ ಚಿಕಿತ್ಸೆಗಳೆಲ್ಲ ಉದ್ದೇಶವಿಲ್ಲದೆ ನಡೆಯುವವೇನು? 'ಗುರಿಚಿಕಿತ್ಸೆ' ಎಂದರೆ ಸಾಕು.

ಆ ಗುರಿ ಯಾವುದು? ಯಕೃತ್ತಿನೊಳಗಿನ ಪಿತ್ತನಾಳಗಳ ಅರ್ಬುದಗಳಲ್ಲಿ ನೂರಕ್ಕೆ ಸುಮಾರು 10ರಿಂದ 15ರಲ್ಲಿ ಎಫ್‌ಜಿಎಫ್‌ಆರ್2 ಎಂಬ ವಂಶವಾಹಿಯು ಮುರಿದು ಬೇರೊಂದರೊಡನೆ ಬೆಸೆದುಕೊಂಡು, ಕೋಶಕ್ಕೆ 'ಬೆಳೆ' ಎಂಬ ಆಜ್ಞೆಯನ್ನು ಬಿಡದೆ ಕೊಡುತ್ತಿರುವದು. ಇದನ್ನು ತಡೆಯುವ ಪೆಮಿಗಾಟಿನಿಬ್ ಎಂಬ ಗುಳಿಗೆಗೆ ಅಮೆರಿಕೆಯಲ್ಲಿ 2020ರಲ್ಲಿ ಅನುಮತಿ ದೊರೆಯಿತು. ಅದಕ್ಕೆ ಆಧಾರವಾದ ಪರೀಕ್ಷೆಯಲ್ಲಿ ಇಂಥ 107 ರೋಗಿಗಳ ಪೈಕಿ 38 ಜನರ ಗಂಟು ಕುಗ್ಗಿತು. ಆದರೆ ಸುಮಾರು 7 ತಿಂಗಳು ಕಳೆಯುವಷ್ಟರಲ್ಲಿ ಅರ್ಧದಷ್ಟು ಜನರಲ್ಲಿ ರೋಗವು ಮುಂದುವರಿದಿತ್ತು, ಇಲ್ಲವೆ ಅವರು ಗತಿಸಿದ್ದರು. ಅದಕ್ಕೊಂದು ಕಾರಣವು ಸ್ಪಷ್ಟವಾಗಿ ಗೊತ್ತಾಗಿದೆ: ಮದ್ದು ಹೊಕ್ಕು ಕೂಡುವ ಬಿಲದ ಬಾಯಲ್ಲಿ, ಗ್ರಾಹಕದ 565ನೆಯ ಸ್ಥಾನದಲ್ಲಿ, ವ್ಯಾಲೀನ್ ಎಂಬ ಸಣ್ಣ ಅಮೈನೊ ಆಮ್ಲಕ್ಕೆ ಬದಲಾಗಿ ಕೆಲವು ಕೋಶಗಳಲ್ಲಿ ದಪ್ಪನಾದುದೊಂದು ಬಂದು ನಿಲ್ಲುವದು. ಶಾಸ್ತ್ರಜ್ಞರು ಈ ಸ್ಥಾನವನ್ನು ದ್ವಾರಪಾಲವೆಂದು ಕರೆದಿರುವದು ಸೊಗಸಾಗಿದೆ.

ಇದಕ್ಕೆ ಕನ್ನಡದಲ್ಲಿ 'ಔಷಧನಿರೋಧ', 'ಔಷಧಪ್ರತಿರೋಧ' ಎಂದು ಬರೆಯುವರು. ಸಮಾಸ ಸಾಧುವೇ, ಆದರೆ ಕರ್ತೃವೆಲ್ಲಿ? ಕೃದಂತದೊಡನೆ ಬರುವ ಷಷ್ಠಿಯು ಕರ್ತೃವಿಗೂ ಸಲ್ಲುವದು, ಕರ್ಮಕ್ಕೂ ಸಲ್ಲುವದೆಂಬುದು ಪಾಣಿನೀಯರಿಗೆ ತಿಳಿದ ಮಾತು. ಔಷಧವೇ ತಡೆಯುವದೋ, ಔಷಧವನ್ನು ತಡೆಯುವರೋ? ಎರಡನೆಯದೆಂದು ಒಪ್ಪಿದರೂ ತಡೆಯುವವನಾರು? ಓದುಗನಿಗೆ ಮೊದಲೇ ಪರಿಚಿತವಾದುದು 'ರೋಗನಿರೋಧಕ ಶಕ್ತಿ'. ಅಲ್ಲಿ ತಡೆಯುವದು ತನ್ನ ದೇಹ. ಅದೇ ಕರ್ತೃವನ್ನು ಇಲ್ಲಿಗೂ ಎಳೆದು ತಂದು, ತನ್ನ ಮೈಯೇ ಮದ್ದನ್ನು ಒಲ್ಲದಾಯಿತೆಂದೂ ಇನ್ನಾವ ಮದ್ದೂ ಹತ್ತದೆಂದೂ ಅವನು ತಿಳಿದರೆ ತಪ್ಪು ಅವನದಲ್ಲ. 'ಅರ್ಬುದಕೃತ ಔಷಧಪ್ರತಿರೋಧ' ಎಂದು ತಿದ್ದಿದರೆ ಪಾಠಶಾಲೆಯು ಮೆಚ್ಚುವದು, ಕುಷ್ಟಗಿಯ ರೋಗಿಯು ಮೆಚ್ಚನು.

ಗಂಗಾವತಿಯ ಭತ್ತದ ಗದ್ದೆಯಲ್ಲಿ ಈ ಗೊಂದಲವಿಲ್ಲ. ಎಣ್ಣೆ ಹೊಡೆದರೂ ಕಂದು ಜಿಗಿಹುಳು ಸಾಯದಿದ್ದರೆ ರೈತನು ಹುಳವನ್ನು ದೂರುವನೇ ಹೊರತು ತನ್ನ ಹೊಲವನ್ನು ದೂರನು. ಮೊದಲ ಸಲ ಉಳಿದ ನಾಲ್ಕು ಹುಳುಗಳೇ ಮರಿಯಿಟ್ಟು ಹೊಲ ತುಂಬುವವೆಂಬುದೂ ಅವನಿಗೆ ಗೊತ್ತು. ಅರ್ಬುದದಲ್ಲಿ ನಡೆಯುವದೂ ಇದೇ: ಮದ್ದಿಗೆ ಬಗ್ಗುವ ಕೋಶಗಳು ಸತ್ತು, ಬಗ್ಗದವು ಬೆಳೆಯುವವು. ಹೀಗಿರಲು 'ಗಂಟು ಈ ಮದ್ದಿಗೆ ಬಗ್ಗದಾಯಿತು' ಎಂದು ಬರೆಯುವದಕ್ಕೆ ಅಡ್ಡಿಯೇನು? ಇದರಲ್ಲಿ ಕರ್ತೃ ಉಂಟು. 'ಈ' ಎಂಬ ಒಂದಕ್ಷರವು ಬೇರೆ ಮದ್ದಿಗೆ ಎಡೆಯನ್ನೂ ಉಳಿಸುವದು. ಆ ಎಡೆ ಸುಳ್ಳಲ್ಲ. 2022ರಲ್ಲಿ ಅನುಮತಿ ಪಡೆದ ಫ್ಯುಟಿಬಾಟಿನಿಬ್, ಗ್ರಾಹಕಕ್ಕೆ ಬಿಡಿಸಲಾಗದಂತೆ ಅಂಟಿಕೊಂಡು, ಮೊದಲಿನ ಮದ್ದಿಗೆ ಬಗ್ಗದ ಹಲವು ಮಾರ್ಪಾಡುಗಳನ್ನು ತಡೆಯಬಲ್ಲದು, ಎಲ್ಲವನ್ನೂ ಅಲ್ಲ.