ಸಿಸಿಲಿಯ ರೋಜರನ ಮೂರು ಭಾಷೆಗಳು: ರಾಜತ್ವದ ಒಂದು ಪರಿಶೀಲನೆ

ರಾಜ್ಯವನ್ನು ಗೆಲ್ಲುವುದು ಒಂದು ಮಾತು. ಗೆದ್ದ ರಾಜ್ಯವು ತನಗೆ ನ್ಯಾಯವಾಗಿ ಸಂದದ್ದೆಂದು ಜನರನ್ನು ಒಪ್ಪಿಸುವುದು ಇನ್ನೊಂದು ಮಾತು. ಮೊದಲನೆಯದಕ್ಕೆ ಕತ್ತಿ ಬೇಕು. ಎರಡನೆಯದಕ್ಕೆ ಅಕ್ಷರ ಬೇಕು. ಹನ್ನೆರಡನೆಯ ಶತಮಾನದಲ್ಲಿ ಸಿಸಿಲಿ ದ್ವೀಪವನ್ನಾಳಿದ ನಾರ್ಮನ್ ಅರಸು ಎರಡನೆಯ ರೋಜರನು ಬಿಟ್ಟುಹೋದ ಶಾಸನ, ಚಿತ್ರ, ಕಡತಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ರೋಜರನಿಗೆ ವಂಶಪಾರಂಪರ್ಯವಾಗಿ ಬಂದ ಕಿರೀಟವಿರಲಿಲ್ಲ. ಅವನ ಅಜ್ಜ ಟ್ಯಾಂಕ್ರೆಡನು ನಾರ್ಮಂಡಿಯ ಒಬ್ಬ ಸಣ್ಣ ಪಾಳೆಯಗಾರ. ತಂದೆ ಮೊದಲನೆಯ ರೋಜರನು ೧೦೬೧ರಿಂದ ೧೦೯೧ರವರೆಗೆ ಕಾದಾಡಿ ದ್ವೀಪವನ್ನು ಮುಸ್ಲಿಂ ಒಡೆಯರಿಂದ ಗೆದ್ದರೂ 'ಕೌಂಟ್' ಪದವಿಯಲ್ಲಿಯೇ ತೀರಿಕೊಂಡನು. ಮಗನು ೧೧೩೦ನೆಯ ಡಿಸೆಂಬರ್ ೨೫ರಂದು ಪಲೆರ್ಮೋ ನಗರದಲ್ಲಿ ಕಿರೀಟ ಧರಿಸಿದನು. ಆಗ ಪೋಪ್ ಪೀಠಕ್ಕೆ ಇಬ್ಬರು ಹಕ್ಕುದಾರರಿದ್ದರು. ರೋಜರನಿಗೆ ರಾಜಪದವಿಯನ್ನು ಕೊಟ್ಟ ಎರಡನೆಯ ಅನಾಕ್ಲೀಟಸನದು ಕಡೆಗೆ ಸೋತ ಪಕ್ಷ. ಗೆದ್ದ ಪಕ್ಷದ ಎರಡನೆಯ ಇನೊಸೆಂಟನು ೧೧೩೯ರ ಜುಲೈ ತಿಂಗಳಲ್ಲಿ ರೋಜರನ ಸೈನ್ಯಕ್ಕೆ ಸೆರೆಸಿಕ್ಕ ಮೇಲಷ್ಟೇ ಅವನನ್ನು ಅರಸನೆಂದು ಅಂಗೀಕರಿಸಿದನು.

ಇಂತಹ ಕಿರೀಟಕ್ಕೆ ಸಮರ್ಥನೆ ಬೇಕಾಯಿತು. ಟೆಲೇಸೆಯ ಮಠಾಧಿಪತಿ ಅಲೆಕ್ಸಾಂಡರನು ರೋಜರನ ಸೋದರಿ ಮಟಿಲ್ಡಾಳ ಕೋರಿಕೆಯಂತೆ ಲ್ಯಾಟಿನ್ ಭಾಷೆಯಲ್ಲಿ ಒಂದು ಚರಿತ್ರೆಯನ್ನು ಬರೆದನು. ಪಲೆರ್ಮೋದಲ್ಲಿ ಪೂರ್ವಕಾಲದಲ್ಲಿ ಅರಸರಿದ್ದರು, ಆದುದರಿಂದ ಇದು ನೂತನ ರಾಜ್ಯವಲ್ಲ, ನಿಂತುಹೋದುದರ ಪುನರುದ್ಧಾರ ಎಂಬ ವಾದವು ಅದರಲ್ಲಿದೆ. ಅದೇ ಕಾಲದ ಬೆನೆವೆಂಟೋದ ಫಾಲ್ಕೋ ಮಾತ್ರ ರೋಜರನನ್ನು ಕ್ರೂರಿಯೆಂದೇ ಚಿತ್ರಿಸಿದನು. ಅವನು ಇನೊಸೆಂಟನ ಪಕ್ಷದವನು. ಇಬ್ಬರಲ್ಲಿ ಯಾರನ್ನು ಓದುವಾಗಲೂ ಬರೆದವನು ಯಾರ ಕಡೆಯವನೆಂಬುದನ್ನು ಮರೆಯಲಾಗದು.

ಗ್ರಂಥಕ್ಕಿಂತ ಚಿತ್ರವು ಜಾಣತನದ್ದು. ರೋಜರನ ನೌಕಾಧಿಪತಿ, ಅಂತಿಯೋಕದ ಜಾರ್ಜನು, ಪಲೆರ್ಮೋದಲ್ಲಿ ಕಟ್ಟಿಸಿದ ಮಾರ್ತೊರಾನಾ ಇಗರ್ಜಿಯಲ್ಲಿ ಬಣ್ಣದ ಹರಳುಗಳ ಒಂದು ಭಿತ್ತಿಚಿತ್ರವಿದೆ. ಕಾಲ ಸುಮಾರು ೧೧೪೩. ಅದರಲ್ಲಿ ಬೈಜಾಂಟಿಯಂ ಚಕ್ರವರ್ತಿಯ ಉಡುಪು ತೊಟ್ಟ ರೋಜರನ ತಲೆಗೆ ಸ್ವತಃ ಕ್ರಿಸ್ತನೇ ಕಿರೀಟವನ್ನಿಡುತ್ತಿದ್ದಾನೆ. ಪೋಪನು ಅಲ್ಲಿ ಇಲ್ಲವೇ ಇಲ್ಲ! ಹದಿಮೂರು ವರ್ಷಗಳ ವಿವಾದವನ್ನು ಚಿತ್ರಕಾರನು ಒಬ್ಬನನ್ನು ಬಿಟ್ಟುಬಿಡುವುದರಿಂದಲೇ ಪರಿಹರಿಸಿದ್ದಾನೆ. ಮೇಲಿನ ಬರಹದಲ್ಲಿ ಅರಸ ಎಂಬರ್ಥದ 'ರೆಕ್ಸ್' ಎಂಬ ಲ್ಯಾಟಿನ್ ಶಬ್ದವು ಗ್ರೀಕ್ ಲಿಪಿಯಲ್ಲಿರುವುದು ಗಮನಾರ್ಹ.

ಇನ್ನು ಶಿಲಾಶಾಸನ. ರೋಜರನು ಮಾಡಿಸಿದ ಒಂದು ಗಳಿಗೆಯಂತ್ರವನ್ನು ಕುರಿತು ಅರಮನೆಯ ಪ್ರಾರ್ಥನಾಮಂದಿರದ ಬಳಿಯ ಕಲ್ಲೊಂದು ಲ್ಯಾಟಿನ್, ಗ್ರೀಕ್, ಅರಬ್ಬಿ ಮೂರರಲ್ಲೂ ಹೇಳುತ್ತದೆ. ಲ್ಯಾಟಿನ್ ಪಾಠದ ವರ್ಷ ಕ್ರಿಸ್ತಶಕ ೧೧೪೨. ಗ್ರೀಕಿನದು ಜಗತ್ಸೃಷ್ಟಿಯಿಂದೆಣಿಸಿದ ೬೬೫೦. ಅರಬ್ಬಿಯದು ಹಿಜರಿ ೫೩೬. ಇವು ಒಂದರ ಅನುವಾದ ಇನ್ನೊಂದಲ್ಲ. ಲ್ಯಾಟಿನ್ ಪಾಠವು ಸಂಕ್ಷಿಪ್ತವಾದ ಆಜ್ಞೆ. ಗ್ರೀಕ್ ಪಾಠವು ಹೊಸ ಅದ್ಭುತವೆಂದು ಉದ್ಗರಿಸಿ, ದೇವರಿಂದ ರಾಜದಂಡ ಪಡೆದವನೆಂದು ಅರಸನನ್ನು ಹೊಗಳುತ್ತದೆ. ಅರಬ್ಬಿ ಪಾಠವು ಆಸ್ಥಾನದ ಗೌರವೋಕ್ತಿಗಳೊಡನೆ ಅವನ ದಿನಗಳನ್ನು ದೇವರು ಚಿರವಾಗಿಸಲೆಂದು ಹರಸುತ್ತದೆ. ಪ್ರತಿಯೊಂದು ಜನಕ್ಕೂ ಅವರು ಬಲ್ಲ ಮಾದರಿಯ ಅರಸನಾಗಿಯೇ ರೋಜರನು ಕಾಣಿಸಿಕೊಂಡನು.

ಇದನ್ನು ಕಂಡು ಸರ್ವಧರ್ಮ ಸಮನ್ವಯವೆಂದು ಕೊಂಡಾಡುವವರು ಹಲವರು. ಈ ಅಭಿಪ್ರಾಯವನ್ನು ಹಾಗೆಯೇ ಒಪ್ಪುವಂತಿಲ್ಲ. ೧೧೧೧ರಿಂದ ಸುಮಾರು ಇಪ್ಪತ್ತು ವರ್ಷ ಈ ಸರಕಾರ ಹೊರಡಿಸಿದ ಅರಬ್ಬಿ ಕಾಗದಪತ್ರಗಳು ದೊರೆಯುವುದಿಲ್ಲ. ಪಟ್ಟಾಭಿಷೇಕವಾದ ಮೇಲೆ, ಈಜಿಪ್ತಿನ ಫಾತಿಮಿ ಖಲೀಫರ ಕಚೇರಿಯ ಮಾದರಿಯಲ್ಲಿ ಅವು ಮತ್ತೆ ಕಾಣಿಸಿಕೊಂಡವು. ವಿದ್ವಾಂಸ ಜೆರೆಮಿ ಜಾನ್ಸರು ೨೦೦೨ರ ತಮ್ಮ ಗ್ರಂಥದಲ್ಲಿ ಇದನ್ನು ವಿಶದಪಡಿಸಿದ್ದಾರೆ. ಅರಬ್ಬಿಯು ಪ್ರಜೆಗಳ ಅನುಕೂಲಕ್ಕಿಂತ ಮಿಗಿಲಾಗಿ ಸಿಂಹಾಸನದ ಶೋಭೆಗೆ ಬಂದಿತೆಂದು ಇದರಿಂದ ತಿಳಿಯಬೇಕು. ಹಿಜರಿ ೫೨೮ರ ರೋಜರನ ಕೆಂಪು ರೇಷ್ಮೆಯ ನಿಲುವಂಗಿಯ ಅಂಚಿನಲ್ಲಿ ಚಿನ್ನದ ಅರಬ್ಬಿ ಅಕ್ಷರಗಳಿವೆ. ಅವನ ಮೊಮ್ಮಗ ಎರಡನೆಯ ವಿಲಿಯಮನು ಮೊನ್ರೆಯಾಲೆ ಮಠಕ್ಕೆ ಹಳ್ಳಿಗಳನ್ನು ದತ್ತಿ ಬಿಟ್ಟಾಗ, ಒಕ್ಕಲುಗಳ ಹೆಸರುಗಳನ್ನು ೧೧೭೮ರಲ್ಲಿ ಪಟ್ಟಿ ಮಾಡಿದುದೂ ಅರಬ್ಬಿಯಲ್ಲಿಯೇ. ನಿಲುವಂಗಿಯಲ್ಲಿ ಅರಸನಿಗೆ ಭೂಷಣವಾದ ಅಕ್ಷರವೇ ಆ ಪಟ್ಟಿಯಲ್ಲಿ ಒಕ್ಕಲಿಗನಿಗೆ ಬಂಧನವಾಯಿತು.

ಅರಸನ ಮನ್ನಣೆಯು ಆ ಭಾಷೆಯನ್ನು ಕಾಯಲಿಲ್ಲ. ೧೧೬೧ರ ದಂಗೆಯಲ್ಲಿ ಪಲೆರ್ಮೋದ ಮುಸ್ಲಿಮರು ಹತರಾದರು. ೧೧೮೯ರಲ್ಲಿ ವಿಲಿಯಮನು ತೀರಿಕೊಂಡ ಮೇಲೆ ಗಲಭೆಗಳು ಮರುಕಳಿಸಿದವು. ೧೨೨೦ರ ದಶಕದಿಂದ ರೋಜರನ ದೌಹಿತ್ರ ಎರಡನೆಯ ಫ್ರೆಡರಿಕನೇ ಅವರನ್ನು ಇಟಲಿಯ ಲುಚೇರಾ ಊರಿಗೆ ಸಾಗಹಾಕತೊಡಗಿದನು. ಕ್ರಮೇಣ ದ್ವೀಪದಲ್ಲಿ ಅರಬ್ಬಿ ಅಳಿಯಿತು. ಆದರೆ ನೆರೆಯ ಮಾಲ್ಟಾ ದ್ವೀಪದಲ್ಲಿ ಅದೇ ಅರಬ್ಬಿಯಿಂದ ಕವಲೊಡೆದ ಮಾಲ್ಟೀ ಭಾಷೆಯನ್ನು ಜನರು ಮನೆಯ ಮಾತಾಗಿ ಉಳಿಸಿಕೊಂಡರು. ಶತಮಾನಗಳವರೆಗೆ ಅದಕ್ಕೆ ಕಚೇರಿಯ ಮನ್ನಣೆಯಿರಲಿಲ್ಲ. ೧೯೩೪ರಲ್ಲಿ ಅದು ಅಧಿಕೃತ ಭಾಷೆಯಾಯಿತು.

ಗಡಿನಾಡಿನ ಉಪಾಧ್ಯಾಯ ಬಂಧುಗಳಿಗೆ ಇದರ ತಾತ್ಪರ್ಯವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಫಲಕದ ಮೇಲೆ ನಮ್ಮ ಲಿಪಿ ಇರಬೇಕೆಂದು ಕೇಳುವುದು ಯುಕ್ತವೇ. ಆದರೆ ಫಲಕವು ಬರೆಸಿದವನ ಅಧಿಕಾರವನ್ನು ಹೇಳುತ್ತದೆ. ಭಾಷೆಯ ಆಯುಸ್ಸನ್ನು ಹೇಳುವುದು ಮನೆಯ ಜಗಲಿ ಮತ್ತು ಶಾಲೆಯ ಹಾಜರಿ ಪುಸ್ತಕ.