ಯಾರ ಮಗ, ಯಾವೂರಾವ?

1949ರ ಮಾರ್ಚ್ ಆರಂಭದಲ್ಲಿ ಐರ್ಲೆಂಡಿನ ರೇಡಿಯೊದವರು ಐರಿಷ್ ಭಾಷೆಯಲ್ಲಿ ಆಟದ ವೀಕ್ಷಕ ವಿವರಣೆ ಕೊಡಬಲ್ಲ ಹುಡುಗರನ್ನು ಹುಡುಕುತ್ತಿದ್ದರು. ಡಬ್ಲಿನ್ನಿನ ಶಿಕ್ಷಕರ ತರಬೇತಿ ಕಾಲೇಜಿನಿಂದ ಪರೀಕ್ಷೆಗೆ ಹೋದವರಲ್ಲಿ 18ರ ಹರೆಯದ ಮೀಹಾಲ್ ಓ ಮುರ್ಹರ್ತಿ ಒಬ್ಬ. ಕ್ರೋಕ್ ಪಾರ್ಕ್ ಮೈದಾನದಲ್ಲಿ ಹರ್ಲಿಂಗ್ ಪಂದ್ಯ, ಒಬ್ಬೊಬ್ಬರಿಗೆ ಐದೈದು ನಿಮಿಷ. ಫಜೀತಿ ಏನೆಂದರೆ ಈ ಹುಡುಗ ಅಲ್ಲಿಯತನಕ ಹರ್ಲಿಂಗ್ ಆಟವನ್ನು ಕಣ್ಣಿಂದ ನೋಡಿದವನೇ ಅಲ್ಲ. ಅವನ ಕೆರಿ ಸೀಮೆಯಲ್ಲಿ ಫುಟ್ಬಾಲೇ ಸರ್ವಸ್ವ. ಕೋಲು ಹಿಡಿದು ಚೆಂಡು ಬಾರಿಸುತ್ತ ಓಡಾಡುತ್ತಿದ್ದ ಅಷ್ಟೂ ಮಂದಿಯಲ್ಲಿ ಅವನಿಗೆ ಗುರುತಿದ್ದವನು ಒಬ್ಬನೇ: ತನ್ನೂರ ಹತ್ತಿರದ ಡಿಂಗಲ್ ಪಟ್ಟಣದಲ್ಲಿ ಓದಿದ್ದ ಗೋಲ್‌ಕೀಪರ್ ಟೈಗ್ ಹರ್ಲಿ. ಇನ್ನೊಂದು ಸಂಗತಿಯೂ ಅವನಿಗೆ ಗೊತ್ತಿತ್ತು. ಅಂಕ ಹಾಕುವವರಿಗೆ ಆಟ ಕಾಣುವುದಿಲ್ಲ, ಬರೀ ಧ್ವನಿ ಕೇಳುತ್ತದೆ.

ಅಷ್ಟು ಸಾಕಾಯಿತು. ಮೈಕು ಕೈಗೆ ಬಂದ ಗಳಿಗೆಯಲ್ಲೇ ಹರ್ಲಿ ಅದ್ಭುತವಾಗಿ ಚೆಂಡು ತಡೆದ. ಬಾರಿಸಿದ್ದು ಎಂಬತ್ತು ಗಜ ಹಾರಿ ಗೆರೆಯಾಚೆ ಬಿತ್ತು. ಎದುರಾಳಿಗೆ ತಾಗಿ ಹೋಗಿದ್ದರಿಂದ ಮುಂದಿನ ಹೊಡೆತ ಹರ್ಲಿಯ ತಂಡದ್ದೇ, ಹೊಡೆಯಲು ಬಂದವನೂ ಹರ್ಲಿಯೇ! ಚೆಂಡು ಎದುರು ಗೋಲಿನ ಮುಂದೆ ಇಳಿಯಿತು, ಅಲ್ಲೊಂದು ಫೌಲ್, ಪೆನಾಲ್ಟಿ. ಅದನ್ನು ಹೊಡೆಯುವುದಕ್ಕೂ ಹರ್ಲಿಗೇ ಕರೆ. ಗೋಲ್ ಕಾಯುವವನು ಮೈದಾನದ ಈ ತುದಿಯಿಂದ ಆ ತುದಿಗೆ ನಡೆದು ಬರಲು ಹೊತ್ತು ಹಿಡಿಯುತ್ತದಲ್ಲ, ಆ ಹೊತ್ತನ್ನೆಲ್ಲ ಮೀಹಾಲ್ ತುಂಬಿಸಿದ್ದು ಹರ್ಲಿಯ ಅಣ್ಣತಮ್ಮಂದಿರ ಸುದ್ದಿಯಿಂದ. ಯಾರು ಯಾವ ತಂಡಕ್ಕೆ ಆಡಿದ, ಯಾರು ಎಲ್ಲಿದ್ದಾನೆ ಎಂದು. ಆಯ್ಕೆಯಾದವನು ಅವನೇ. ಅದೇ ತಿಂಗಳ 17ರಂದು, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ರೈಲ್ವೆ ಕಪ್ ಫೈನಲ್ಲಿನ ವಿವರಣೆಯೊಂದಿಗೆ ಕೆಲಸ ಶುರು. ಕೊನೆಯ ಪ್ರಸಾರ 2010ರ ಅಕ್ಟೋಬರ್ 30ರಂದು, ಅದೇ ಕ್ರೋಕ್ ಪಾರ್ಕಿನಿಂದ. ನಡುವೆ 61 ವರ್ಷ.

ಈ ಕಥೆಯನ್ನು ಮೀಹಾಲ್ ಜೀವನವಿಡೀ ನಗುತ್ತ ಹೇಳಿಕೊಂಡರು. ಕೇಳಿದವರು ಆಗದ ಆಟವನ್ನು ಆಡಿಸಿದ ಕಿಲಾಡಿತನಕ್ಕೆ ನಗುತ್ತಾರೆ. ನನಗೆ ಹಿಡಿಸುವುದು ಆ ಅಣ್ಣತಮ್ಮಂದಿರು. ಸುಳ್ಳು ಕಟ್ಟಲು ಯಾರಿಗಾದರೂ ಬರುತ್ತದೆ. ಚೆಂಡು ಎಲ್ಲಿದೆ ಎಂದು ತಿಳಿಯದೆ ಬಾಯಿ ಒಣಗುವ ಹೊತ್ತಿನಲ್ಲಿ ಆಟಗಾರನ ಮನೆತನಕ್ಕೆ ಕೈಹಾಕಬೇಕು ಎಂದು ಹೊಳೆಯುವುದು ಎಲ್ಲರಿಗಲ್ಲ. ಕಾಣದವನಿಗೆ ಆಟ ಹೇಳುವ ವಿದ್ಯೆಯ ಮುಕ್ಕಾಲು ಪಾಲು ಅಲ್ಲೇ ಇದೆ ಎಂದು ನನ್ನ ನಂಬಿಕೆ.

ಈ ವಿದ್ಯೆ ನಮ್ಮಲ್ಲೂ ಇದೆ. ಬಾದಾಮಿ ಹತ್ತಿರದ ಮಹಾಕೂಟದ ಹೊಂಡದ ದಂಡೆಯಲ್ಲಿ ಒಂದು ತಾಸು ಕೂತು ನೋಡಿ. ಆಲದ ನೆರಳು, ಬತ್ತದ ಬುಗ್ಗೆ ನೀರು, ನೀರಿನ ನಡುವೆಯೇ ನಿಂತ ಪುಟ್ಟ ಗುಡಿ. ಸುತ್ತಲ ಹಳ್ಳಿಗಳ ಹುಡುಗರು ಕಟ್ಟೆ ಏರಿ ಧುಮುಕುತ್ತಿರುತ್ತಾರೆ. ಮೆಟ್ಟಿಲ ಮೇಲೆ ಒಬ್ಬ ಯಜಮಾನರು ಇದ್ದೇ ಇರುತ್ತಾರೆ. “ಅಂವಾ ನಂದಿಕೇಶ್ವರದ ಹುಡುಗ, ಅವರಪ್ಪನೂ ಹಿಂಗ ಜಿಗೀತಿದ್ದ, ಬೆನ್ನು ನೀರಿಗೆ ಬಡೀತಿತ್ತು” ಎಂದು ಪಕ್ಕದವರಿಗೆ ಹೇಳುತ್ತಿರುತ್ತಾರೆ. ಈಜಿನ ಗುಣದೋಷ ಆಮೇಲೆ. ಮೊದಲು ಯಾರ ಮಗ, ಯಾವೂರಾವ.

ನಮ್ಮ ಕಡೆಯ ಜಾತ್ರೆಗಳ ಕುಸ್ತಿ ಕಣದಲ್ಲಿ ಇದೇ ಮಾತು ಮೈಕು ಹಿಡಿದು ನಿಲ್ಲುತ್ತದೆ. ಜಂಗೀ ನಿಕಾಲಿ ಕುಸ್ತಿ ಎಂದು ಪೋಸ್ಟರು ಬಿದ್ದಿರುತ್ತದೆ. ಮಧ್ಯಾಹ್ನ ಸಣ್ಣ ಹುಡುಗರ ಕಾಯಿ ಕುಸ್ತಿಯಿಂದ ಆರಂಭ, ಇಳಿಹೊತ್ತಿಗೆ ಬೆಳ್ಳಿ ಕಡಗದ ಜೋಡಿಗಳು. ಹಲಗಿ ಒಂದೇ ಸಮ ಬಡಿಯುತ್ತಿರುತ್ತದೆ. ಮೈಕಿನವನು ಪೈಲ್ವಾನನ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಯಾವ ಊರು, ಯಾವ ಗರಡಿಮನಿ, ಯಾವ ವಸ್ತಾದರ ಶಿಷ್ಯ, ಹೋದ ವರ್ಷ ಯಾವ ಜಾತ್ರೆಯಲ್ಲಿ ಯಾರನ್ನು ಚಿತ್ ಮಾಡಿದ, ಅಜ್ಜ ಎಂಥ ಪೈಲ್ವಾನ. ಪಟ್ಟು ಬೀಳುವವರೆಗೆ ಇಬ್ಬರೂ ಕುತ್ತಿಗೆಗೆ ಕೈಕೊಟ್ಟು ಸುಮ್ಮನೆ ತೂಗುತ್ತಿರುತ್ತಾರಲ್ಲ, ಆ ಹೊತ್ತು ಇವನದು. ಹಿಂದಿನ ಸಾಲಿನಲ್ಲಿ ಜನರ ತಲೆಗಳಷ್ಟೇ ಕಾಣುವವನಿಗೂ ಅಷ್ಟರಲ್ಲಿ ಒಂದು ಪಕ್ಷ ಸಿಕ್ಕಿರುತ್ತದೆ. ತೆರಬಂಡಿ ಸ್ಪರ್ಧೆಯಲ್ಲಂತೂ ಎತ್ತುಗಳಿಗೂ ಇದೇ ಮರ್ಯಾದೆ. ಯಾರ ಮನೆಯವು, ಯಾವ ಸಂತೆಯಲ್ಲಿ ಕೊಂಡವು ಎಂದೆಲ್ಲ ಹೇಳದೆ ಹಗ್ಗ ಬಿಗಿಯುವುದಿಲ್ಲ.

ಮೀಹಾಲ್ 61 ವರ್ಷ ಮಾಡಿದ್ದು ಇದೇ ಕೆಲಸ. ಅದಕ್ಕೆ ಅವರ ನಾಡಿನ ಆಟದ ಕಟ್ಟುಪಾಡೂ ಒದಗಿ ಬಂತು. 1884ರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಸಂಸ್ಥೆ ಆಟಗಾರನಿಗೆ ಸಂಬಳ ಕೊಡುವುದಿಲ್ಲ, ಹರಾಜು ಕೂಗುವುದಿಲ್ಲ. ಊರಿನ ಚರ್ಚಿನ ವ್ಯಾಪ್ತಿಯೇ ಕ್ಲಬ್ಬು, ಸಾಮಾನ್ಯವಾಗಿ ಹುಟ್ಟಿ ಬೆಳೆದ ಕೌಂಟಿಯೇ ತಂಡ. ಭಾನುವಾರ ಎಂಬತ್ತು ಸಾವಿರ ಜನರ ಎದುರು ಆಡಿದವನು ಸೋಮವಾರ ಶಾಲೆಯಲ್ಲಿ ಪಾಠ ಹೇಳುತ್ತಾನೆ, ಹಾಲು ಕರೆಯುತ್ತಾನೆ. ಅಂಥವನ ಹೆಸರು ಹೇಳಿದರೆ ಒಂದು ಊರು ಎದ್ದು ಕೂರುತ್ತದೆ. ಮೀಹಾಲ್ ಸ್ವತಃ ಮೇಷ್ಟರಾಗಿದ್ದರು. ಡಬ್ಲಿನ್ನಿನಲ್ಲಿ ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ, ಐರಿಷ್ ಕಲಿಸುತ್ತ, ವಾರದ ಕೊನೆಯಲ್ಲಿ ಮೈಕು ಹಿಡಿಯುತ್ತ ದಶಕಗಟ್ಟಲೆ ಸಾಗಿದರು. ಪೂರ್ಣಾವಧಿ ಪ್ರಸಾರಕ್ಕೆ ಬಂದದ್ದು 1980ರ ದಶಕದಲ್ಲಿ. ಅಷ್ಟೇ ಅಲ್ಲ, 1975ರಿಂದ 1986ರೊಳಗೆ ಎಂಟು ಬಾರಿ ರಾಷ್ಟ್ರ ಚಾಂಪಿಯನ್ ಆದ ಕೆರಿ ಫುಟ್ಬಾಲ್ ತಂಡದಲ್ಲಿ ಡಬ್ಲಿನ್ನಿನಲ್ಲಿ ನೌಕರಿಗಿದ್ದ ಹುಡುಗರನ್ನು ಸಂಜೆ ಮೈದಾನದಲ್ಲಿ ಓಡಿಸಿ ತಯಾರು ಮಾಡುತ್ತಿದ್ದವರೂ ಇವರೇ. ತಾನೇ ಓಡಿಸಿದ ಹುಡುಗರ ಆಟವನ್ನು ಪಕ್ಷಪಾತವಿಲ್ಲದೆ ಹೇಳುವುದು ಹೇಗೆ ಎಂದು ಕೇಳಬಹುದು. ಕೆರಿ ಸೋತ ದಿನವೂ ಅವರ ದನಿ ಕುಗ್ಗುತ್ತಿರಲಿಲ್ಲ, ಯಾಕೆಂದರೆ ಗೆದ್ದವರ ಅಪ್ಪಂದಿರೂ ಅವರಿಗೆ ಗೊತ್ತಿದ್ದರು.

ಅವರ ಹೆಸರು ಹೇಳಿದರೆ ಐರಿಷರು ತಕ್ಷಣ ನೆನೆಯುವ ಒಂದು ಮಾತಿದೆ. ಕಾರ್ಕ್ ತಂಡದ ಹರ್ಲಿಂಗ್ ಆಟಗಾರ ಶಾನ್ ಓಗ್ ಓ ಹಾಲ್ಪಿನ್ ಚೆಂಡು ಹಿಡಿದಾಗ, ಇವನಪ್ಪ ಫರ್ಮಾನಾದವನು, ತಾಯಿ ಫಿಜಿಯವಳು, ಎರಡೂ ಹರ್ಲಿಂಗಿಗೆ ಹೆಸರಾದ ಸೀಮೆಯಲ್ಲ ಎಂದುಬಿಟ್ಟರು. ಓದುವಾಗ ಇದು ಬರೀ ಚಟಾಕಿ. ಆದರೆ ಚೆಂಡು ಓಡುತ್ತಿರುವಾಗಲೇ ಶಾಂತಸಾಗರದ ದ್ವೀಪದಿಂದ ಬಂದ ತಾಯಿಯನ್ನು ಅವರು ಇಡೀ ಐರ್ಲೆಂಡಿನ ಅಡುಗೆಮನೆಗಳಿಗೆ ಪರಿಚಯ ಮಾಡಿಸಿದ್ದರು. ಹೊರಗಿನವನು ಎಂದು ಬೆರಳು ತೋರಿಸದೆ, ನಮ್ಮವರ ಪಟ್ಟಿಯಲ್ಲಿ ಇವನ ಹೆಸರನ್ನೂ ಬರೆದುಕೊಳ್ಳಿ ಎಂದಂತೆ. ಆ ಹುಡುಗ 2005ರಲ್ಲಿ ನಾಯಕನಾಗಿ ಕಪ್ ಎತ್ತಿದಾಗ ಭಾಷಣ ಮಾಡಿದ್ದು ಐರಿಷ್ ಭಾಷೆಯಲ್ಲಿ.

ವಂಶಾವಳಿ ಹೇಳಿ ಗೆಲುವು ಹೇಳುವ ಪದ್ಧತಿಗೆ ಮಹಾಕೂಟದಲ್ಲೇ ಹಳೆಯ ಸಾಕ್ಷಿ ಉಂಟು. ಚಾಲುಕ್ಯ ಮಂಗಲೇಶ ಇಲ್ಲಿ ನಿಲ್ಲಿಸಿದ ಧರ್ಮಜಯಸ್ತಂಭ ಸುಮಾರು 602ರದು. ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಕಳಚುರಿ ಬುದ್ಧರಾಜನನ್ನು ಸೋಲಿಸಿದ ಸುದ್ದಿ ಅದರಲ್ಲಿದೆ, ಆದರೆ ಶಾಸನ ನೇರ ಅಲ್ಲಿಗೆ ಹೋಗುವುದಿಲ್ಲ. ಜಯಸಿಂಹ, ಅವನ ಮಗ ರಣರಾಗ, ಅವನ ಮಗ ಪುಲಕೇಶಿ, ಅವನ ಮಗ ಕೀರ್ತಿವರ್ಮ ಎಂದು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಕೀರ್ತಿವರ್ಮ ಗೆದ್ದ ನಾಡುಗಳ ಪಟ್ಟಿ ವಂಗ, ಅಂಗ, ಕಳಿಂಗ ಎಂದು ಶುರುವಾಗಿ ವೈಜಯಂತಿಯವರೆಗೆ ಓಡುತ್ತದೆ. ಬಪ್ಪೂರ ಮನೆತನದಿಂದ ಬಂದ ಪುಲಕೇಶಿಯ ರಾಣಿ ದುರ್ಲಭದೇವಿಯ ಹೆಸರನ್ನೂ ಅದು ಬಿಡುವುದಿಲ್ಲ. ಪಟ್ಟಿ ಕೊಂಚ ಉತ್ಪ್ರೇಕ್ಷೆಯದೇ ಇರಬೇಕು, ಟೈಗ್ ಹರ್ಲಿಯ ಪೆನಾಲ್ಟಿಯ ಹಾಗೆ. ಕೇಳುವವನು ಕದನವನ್ನು ಕಂಡಿರಲಿಲ್ಲವಲ್ಲ!

ಊರು, ಮನೆತನ ಬಲ್ಲವರ ಬಾಯಲ್ಲಿ ಆಟ ಕೇಳುವ ಭಾಗ್ಯ ಕನ್ನಡಕ್ಕೆ ಅರ್ಧಂಬರ್ಧ ಒದಗಿತು. ನಮ್ಮ ನೆಲದಲ್ಲಿ ರೇಡಿಯೊ ತಡವಾಗಿಯೇನೂ ಬರಲಿಲ್ಲ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ 1935ರಲ್ಲೇ ಆಕಾಶವಾಣಿ ನುಡಿಸಿದರು, ಧಾರವಾಡ ಕೇಂದ್ರ 1950ರಲ್ಲಿ ಬಂತು. ಆದರೂ ದೊಡ್ಡ ಆಟಗಳನ್ನು ನಾವು ಬಹಳ ಕಾಲ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳಿದೆವು. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಹಾಕಿ ವಿಶ್ವಕಪ್ ಗೆದ್ದಾಗ ಟ್ರಾನ್ಸಿಸ್ಟರಿನಲ್ಲಿ ಇದ್ದದ್ದು ಹಿಂದಿ ವಿವರಣೆಕಾರ ಜಸದೇವ್ ಸಿಂಗ್. ಎಂಥ ದನಿ! ಚೆಂಡಿಗಿಂತ ಒಂದು ಮಾತೂ ಹಿಂದೆ ಬೀಳದ ವೇಗ. ಆ ತಂಡದಲ್ಲಿ ಸೋಮವಾರಪೇಟೆಯ ಬಿ.ಪಿ. ಗೋವಿಂದ ಇದ್ದರು. ಸೋಮವಾರಪೇಟೆ ಎಂದರೆ ಎಂಥ ಊರು, ಕೊಡಗಿನಲ್ಲಿ ಹಾಕಿ ಕೋಲು ಯಾವ ವಯಸ್ಸಿಗೆ ಕೈಗೆ ಬರುತ್ತದೆ ಎಂದು ಹೇಳಲು ಬೇಕಿದ್ದವನು ಕನ್ನಡದವನೇ.

ಈಗ ಟೀವಿಯಲ್ಲಿ ಕನ್ನಡ ವಿವರಣೆ ಧಾರಾಳವಾಗಿದೆ. 2018ರ ಐಪಿಎಲ್‌ನಿಂದೀಚೆಗೆ ಒಗ್ಗಿಯೂ ಹೋಗಿದೆ. ಮಾಜಿ ಆಟಗಾರರು ಸೊಗಸಾಗಿ ತಂತ್ರ ಬಿಡಿಸುತ್ತಾರೆ, ಚೆಂಡು ಯಾಕೆ ತಿರುಗಿತು ಎನ್ನುವುದು ನನ್ನಂಥವನಿಗೂ ತಿಳಿಯುತ್ತದೆ. ನನ್ನ ತಕರಾರು ಬೇರೆ. ಅಬ್ಬರದ ಪ್ರಾಸ, ಸಿನಿಮಾ ಡೈಲಾಗಿನ ನಡುವೆ ಆಟಗಾರನಿಗೆ ಊರು ಇಲ್ಲದಾಗಿದೆ. ಹರಾಜಿನ ಮೊತ್ತ ಗೊತ್ತು, ಓಣಿ ಗೊತ್ತಿಲ್ಲ.

ಗದಗಿನ ಸುನಿಲ್ ಜೋಶಿಯನ್ನೇ ತೆಗೆದುಕೊಳ್ಳಿ. ಎಳೆಯನಾಗಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ಹೊತ್ತಿಗೆ ಗದಗಿಗೆ ವಾಪಸಾಗುತ್ತಿದ್ದವರು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್, 6 ಮೇಡನ್, 6 ರನ್ನಿಗೆ 5 ವಿಕೆಟ್. ಮೇಡನ್ ಓವರಿನಲ್ಲಿ ವಿವರಣೆಕಾರನಿಗೆ ಹೇಳಲು ಏನೂ ಇರುವುದಿಲ್ಲ ಎನ್ನುತ್ತಾರೆ. ಮೀಹಾಲ್ ಕೈಗೆ ಆ ಆರು ಮೇಡನ್ ಸಿಕ್ಕಿದ್ದರೆ ಗದಗ-ಹುಬ್ಬಳ್ಳಿ ದಾರಿಯ ಅಣ್ಣಿಗೇರಿಯನ್ನೂ ಬಿಡುತ್ತಿರಲಿಲ್ಲ.

ಮೀಹಾಲರಿಗೆ ಹಾದಿ ಹಾಕಿಕೊಟ್ಟವರೊಬ್ಬರಿದ್ದರು, ಮೈಕಲ್ ಓಹೇರ್. 1938ರಲ್ಲಿ ಇನ್ನೂ 18ರ ಹುಡುಗನಾಗಿದ್ದಾಗ ಮೈಕು ಹಿಡಿದವರು. 1947ರ ಸೆಪ್ಟೆಂಬರ್ 14ರಂದು ಐರಿಷ್ ಫುಟ್ಬಾಲ್ ಫೈನಲ್ ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ನಡೆಯಿತು, ಕ್ಯಾವನ್ ಮತ್ತು ಕೆರಿ ನಡುವೆ. ಪಂದ್ಯ ತಡವಾಗಿ ಶುರುವಾಗಿ, ಕಾದಿರಿಸಿದ್ದ ದೂರವಾಣಿ ಸಂಪರ್ಕ ಐದು ಗಂಟೆಗೆ ಕಡಿದು ಹೋಗುವುದರಲ್ಲಿತ್ತು. ಓಹೇರ್ ಆಟ ಹೇಳುತ್ತಲೇ ನಡುವೆ, ದಾರಿಯಲ್ಲಿ ಯಾರು ಕೇಳುತ್ತಿದ್ದೀರೋ, ಇನ್ನೈದು ನಿಮಿಷ ಕೊಡಿ ಎಂದು ಬೇಡಿಕೊಂಡರು. ತಂತಿ ಕಡಿಯಲಿಲ್ಲ, ಕ್ಯಾವನ್ ಗೆದ್ದದ್ದು ಅಟ್ಲಾಂಟಿಕ್ ದಾಟಿ ಮನೆಮನೆ ಸೇರಿತು. 1985ರಲ್ಲಿ ಪಾರ್ಶ್ವವಾಯು ಹೊಡೆದು ಓಹೇರ್ ದನಿ ನಿಂತ ಮೇಲೆ ಆ ಜಾಗಕ್ಕೆ ಮೀಹಾಲ್ ಬಂದರು. ಓಹೇರ್ ಆಟದ ನಾಡಿ ಹಿಡಿದವರು, ಮೀಹಾಲ್ ಆಡುವವರ ಜಾತಕ ಬಲ್ಲವರು. ನನ್ನ ಒಲವು ಯಾರ ಕಡೆ ಎಂದು ಬೇರೆ ಹೇಳಬೇಕಿಲ್ಲ. ಟೀವಿಯ ದನಿ ಅಡಗಿಸಿ, ಚಿತ್ರಕ್ಕೆ ರೇಡಿಯೊದ ಮೀಹಾಲರನ್ನು ಜೋಡಿಸಿಕೊಳ್ಳುವುದು ಅಲ್ಲಿನ ಮನೆಗಳಲ್ಲಿ ರೂಢಿಯೇ ಆಗಿತ್ತು.

ನಮ್ಮ ಬಾಗಲಕೋಟೆ ಜಿಲ್ಲೆಯವರಿಗೆ ಹಿಡಿಸುವ ಇನ್ನೊಂದು ಸಂಗತಿ: ಮೀಹಾಲರಿಗೆ ಗ್ರೇಹೌಂಡ್ ಬೇಟೆನಾಯಿಗಳ ಹುಚ್ಚು. ನಾಯಿ ಓಟದ ವಿವರಣೆಯನ್ನೂ ಕೊಡುತ್ತಿದ್ದರು. ಮುಧೋಳದ ನಾಯಿಗಳನ್ನು ಅವರು ಕಂಡಿದ್ದರೆ ಅವುಗಳ ತಾಯಿ ಯಾವುದು, ತಂದೆ ಯಾವ ಮನೆಯದು ಎಂದು ಬರೆದುಕೊಳ್ಳದೆ ಊರು ಬಿಡುತ್ತಿರಲಿಲ್ಲ.

ಮೀಹಾಲ್ 2024ರ ಜೂನ್ 25ರಂದು, 93ರ ವಯಸ್ಸಿನಲ್ಲಿ ತೀರಿಕೊಂಡರು. ದಶಕಗಳ ಅವರ ದನಿ ಇಂದಿಗೂ ಕೇಳಸಿಗುತ್ತದೆ, ಅಲ್ಲಿನ ರೇಡಿಯೊ ಅದನ್ನು ಜತನ ಮಾಡಿದೆ. ನಮ್ಮ ಜಾತ್ರೆಗಳ ಮೈಕಿನವರ ಮಾತು ಮಾತ್ರ ಹಲಗಿಯ ಸದ್ದಿನಲ್ಲಿ ಅರ್ಧ ಮುಳುಗಿ ಹೋಗುತ್ತಿದೆ. ಮೊಬೈಲು ಹಿಡಿದವರೆಲ್ಲ ಪೈಲ್ವಾನರ ಕಡೆಗೇ ತಿರುಗಿರುತ್ತಾರೆ. ಬರುವ ಜಾತ್ರೆಯಲ್ಲಿ ಒಬ್ಬರಾದರೂ ಕಣದ ಕಡೆಗೆ ಬೆನ್ನು ಹಾಕಿ, ಫೋನನ್ನು ಆ ಮೈಕಿನವನ ಮೇಜಿನ ಮೇಲೆ ಇಟ್ಟು, ಕಾಯಿ ಕುಸ್ತಿಯಿಂದ ಕಡಗದ ಕುಸ್ತಿಯವರೆಗೆ ಅವನ ಮಾತನ್ನಷ್ಟೇ ಹಿಡಿದುಕೊಂಡು ಬನ್ನಿ. ಹೊತ್ತಿದ್ದರೆ ನನಗೂ ಕೇಳಿಸಿ.