ವಾಯುಮಾಪಕದ ಅಂಕಿ: ಮೂಲವೋ, ಪಾಠವೋ?

ಶಾಲೆ ಕಾಲೇಜುಗಳ ಆವರಣದಲ್ಲಿ ಅಂತರ್ಜಾಲಕ್ಕೆ ಜೋಡಿಸಿದ ಪುಟ್ಟ ವಾಯುಮಾಪಕಗಳನ್ನು ಇಡುವ ಪದ್ಧತಿ ಈಚಿನ ವರ್ಷಗಳಲ್ಲಿ ಬೆಳೆದಿದೆ. ಅವು ತೋರುವ ಅಂಕಿಯನ್ನು ನೋಡಿ, ಮಕ್ಕಳನ್ನು ಆಟದ ಬಯಲಿಗೆ ಬಿಡಬಹುದೆ ಎಂಬುದನ್ನು ನಿಶ್ಚಯಿಸುವವರುಂಟು. ಉದ್ದೇಶ ಸಾಧುವಾದದ್ದೇ. ಆದರೆ ಆ ಅಂಕಿ ಎಂಥ ಪ್ರಮಾಣ ಎಂದು ಕೇಳುವುದು ಇತಿಹಾಸದ ಅಧ್ಯಾಪಕನಿಗೆ ಅಧಿಕಪ್ರಸಂಗವಾಗಲಾರದು. ಆಕರಗಳ ಪರೀಕ್ಷೆಯೇ ಅವನ ಕಸುಬಲ್ಲವೆ?

ಈ ಮಾಪಕಗಳು ಧೂಳನ್ನು ತೂಗುವುದಿಲ್ಲ. ಸಣ್ಣ ಫ್ಯಾನೊಂದು ಗಾಳಿಯನ್ನು ಒಳಗೆಳೆಯುತ್ತದೆ. ಲೇಸರ್ ಕಿರಣವು ಕಣಗಳಿಗೆ ತಾಗಿ ಚೆದರುತ್ತದೆ. ಚೆದರಿದ ಬೆಳಕಿನಿಂದ 2.5 ಮೈಕ್ರಾನಿಗಿಂತ ಕಿರಿದಾದ ಕಣಗಳ ತೂಕವನ್ನು ಯಂತ್ರವು ಊಹಿಸುತ್ತದೆ. ತೇವ ಹೆಚ್ಚಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಅಂಕಿಯೂ ಉಬ್ಬುತ್ತದೆ. ಅಮೆರಿಕದಲ್ಲಿ ಬಹುವಾಗಿ ಬಳಕೆಯಲ್ಲಿರುವ ಪರ್ಪಲ್‌ಏರ್ ಮಾಪಕವನ್ನು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಪ್ರಮಾಣಿತ ಯಂತ್ರಗಳೊಡನೆ ಹೋಲಿಸಿ, 2021ರಲ್ಲಿ ಒಂದು ತಿದ್ದುಪಡಿ ಸೂತ್ರವನ್ನು ಪ್ರಕಟಿಸಿದರು. ಮಾಪಕದ ಅಂಕಿಯನ್ನು 0.524ರಿಂದ ಗುಣಿಸಿ, ಶೇಕಡಾ ತೇವಾಂಶವನ್ನು 0.0862ರಿಂದ ಗುಣಿಸಿ ಬಂದದ್ದನ್ನು ಅದರಲ್ಲಿ ಕಳೆದು, 5.75 ಕೂಡಿಸಬೇಕು. ಘನಮೀಟರಿಗೆ 100 ಮೈಕ್ರೊಗ್ರಾಂ ಎಂದು ತೋರಿದ್ದು ತೇವ ಶೇ. 40 ಇದ್ದಾಗ ಸುಮಾರು 55 ಆಗುತ್ತದೆ, ಶೇ. 90 ಇದ್ದಾಗ ಸುಮಾರು 50. ಭಾರತದಲ್ಲಿ 24 ಗಂಟೆಗಳ ಸರಾಸರಿಗೆ ವಿಧಿಸಿರುವ ಮಿತಿ 60. ಎಂದ ಮೇಲೆ ಒಂದು ಪಾಠದಂತೆ ಗಾಳಿ ಕೆಟ್ಟದ್ದು, ಇನ್ನೊಂದರಂತೆ ಸಹ್ಯ. (ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 15 ಎಂಬುದನ್ನು ನೆನೆದರೆ ಈ ಸಮಾಧಾನವೂ ಉಳಿಯದು.)

ಅಮೆರಿಕದ ಗಾಳಿಗೆ ಹೊಂದಿಸಿದ ಸೂತ್ರವನ್ನು ನಮ್ಮ ಊರುಗಳ ಮೇಲೆ ಹಾಗೆಯೇ ಹೊರಿಸುವಂತಿಲ್ಲ. ರಸ್ತೆಯ ದಪ್ಪ ಧೂಳಂತೂ ಈ ಜಾತಿಯ ಮಾಪಕದ ಕಣ್ಣಿಗೆ ಬೀಳುವುದೇ ಕಡಮೆ. ಹೆದ್ದಾರಿಯ ಪಕ್ಕದ ಕಾಲೇಜಿನವರು ಅದು ಕೊಡುವ 10 ಮೈಕ್ರಾನಿನ ಲೆಕ್ಕವನ್ನು ನೆಚ್ಚದಿರುವುದು ಲೇಸು.

ಅಧಿಕೃತ ಸೂಚಿಯೂ ಒಂದು ಪಾಠವೇ. 2024ರ ನವೆಂಬರಿನಲ್ಲಿ ದೆಹಲಿಯ ಶಾಲೆಗಳು ತರಗತಿಗಳನ್ನು ಅಂತರ್ಜಾಲಕ್ಕೆ ವರ್ಗಾಯಿಸಿದಾಗ ಕೆಲವು ಖಾಸಗಿ ಸೂಚಿಗಳು 1,000ವನ್ನು ದಾಟಿದುವು. ಸರಕಾರದ ಸೂಚಿ ಮಾತ್ರ 500ಕ್ಕೆ ನಿಲ್ಲುವಂತೆ ರಚಿತವಾದದ್ದು. ಅದರಾಚೆ ಎಷ್ಟು ಕೆಟ್ಟರೂ ಅದು ಹೇಳಲಾರದು.

ಹಲ್ಮಿಡಿ ಶಾಸನದ ಕಾಲವನ್ನು ಕುರಿತು ವಿದ್ವಾಂಸರು ಇಂದಿಗೂ ವಾದಿಸಬಲ್ಲರು, ಏಕೆಂದರೆ ಕಲ್ಲು ಉಳಿದಿದೆ. ಮಾಪಕದ ಮೂಲ ಅಂಕಿ ಅಳಿದು ತಿದ್ದಿದ್ದಷ್ಟೇ ಉಳಿದರೆ, ನಾಳೆ ಇನ್ನೂ ಉತ್ತಮವಾದ ಸೂತ್ರ ದೊರೆತಾಗ ಅದನ್ನು ಯಾವುದಕ್ಕೆ ಅನ್ವಯಿಸುವುದು? ಕಂಪನಿಯ ಸರ್ವರಿನಲ್ಲಿ ಇದೆಯೆಂಬ ಭರವಸೆ ಸಾಲದು. ತಿದ್ದದ ಅಂಕಿ, ಆ ಹೊತ್ತಿನ ತೇವ, ಬಳಸಿದ ಸೂತ್ರ, ಇವುಗಳ ಪ್ರತಿ ವಿಭಾಗದಲ್ಲಿಯೇ ಇರತಕ್ಕದ್ದು. ಮಾಪಕವಿದ್ದ ಸ್ಥಳವನ್ನೂ ನಮೂದಿಸಬೇಕು. ಬಸ್ಸು ನಿಲ್ಲುವ ಗೇಟಿನಿಂದ ಗ್ರಂಥಾಲಯದ ಮಾಳಿಗೆಗೆ ಅದನ್ನು ಸರಿಸಿದ ದಿನ ದಾಖಲಾಗದಿದ್ದರೆ, ಮುಂದೆ ಓದುವವರು ಆ ತಿಂಗಳು ಗಾಳಿ ಶುದ್ಧವಾಯಿತೆಂದು ಬರೆದಾರು.